ಮೇಜುಹಾಸಿನ ಮೇಲೆ ಹದಿನಾಲ್ಕು ಸಹಿ

ಆ ಮೇಜುಹಾಸನ್ನು ನಾನು ಇದುವರೆಗೆ ಒಮ್ಮೆಯೂ ಒಗೆದಿಲ್ಲ. ಹಳದಿಗೆ ತಿರುಗಿದ ಲಿನನ್ ಬಟ್ಟೆ. ಒಂದು ಮೂಲೆಯಲ್ಲಿ ಕಾಫಿ ಕಪ್ಪು ಇಟ್ಟು ಆದ ಕಂದು ಉಂಗುರವಿದೆ. ಆ ಕಲೆ ಮುಂಬಯಿಯದಲ್ಲ; ಎಂಬತ್ತು ವರ್ಷಗಳಿಗೂ ಹಿಂದೆ, ಯುರೋಪಿನ ಒಂದು ಮನೆಯ ಊಟದ ಮೇಜಿನ ಮೇಲೆ ಆದದ್ದು. ಬಟ್ಟೆಯ ತುಂಬ ಹದಿನಾಲ್ಕು ಜನರ ಸಹಿಗಳಿವೆ. ಒಂಬತ್ತು ಸಹಿಗಳ ಮೇಲೆ ನೀಲಿ ದಾರ ಓಡಿದೆ. ಉಳಿದ ಐದು ಇನ್ನೂ ಪೆನ್ಸಿಲ್ಲಿನಲ್ಲೇ ಇವೆ. ಸೋಪಿನ ನೀರು ಬಿದ್ದರೆ ಹೋಗಿಬಿಡುತ್ತವೆ.

ಅದನ್ನು ಹೊಲಿದವರು ನನ್ನ ಕಾನ್ವೆಂಟಿನ ಹೊಲಿಗೆ ಟೀಚರ್. ನಾವು ಹುಡುಗಿಯರು ಬರೀ ಮಿಸ್ ಎನ್ನುತ್ತಿದ್ದೆವು. ಬಿಳಿ ಚರ್ಮ, ಫ್ರಾಕು, ಕಾನ್ವೆಂಟು. ಆದ್ದರಿಂದ ಅವರೂ ಕ್ರಿಶ್ಚಿಯನ್ನರೇ ಎಂದುಕೊಂಡಿದ್ದೆವು. ಪ್ರಾರ್ಥನೆಯ ಹೊತ್ತಿಗೆ ಸಿಸ್ಟರುಗಳೆಲ್ಲ ಶಿಲುಬೆಯ ಗುರುತು ಮಾಡಿಕೊಳ್ಳುವಾಗ ಮಿಸ್ ಮಾತ್ರ ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದುದನ್ನು ನಾನು ಗಮನಿಸಿದ್ದೆ. ಕೇಳುವ ಧೈರ್ಯವಾದದ್ದು ಮದುವೆಯಾದ ಮೇಲೆ, ಗ್ರಾಂಟ್ ರೋಡಿನ ಅವರ ಕೋಣೆಗೆ ಭಾನುವಾರಗಳಂದು ಹೋಗತೊಡಗಿದಾಗ. ತಾನು ಯಹೂದಿ ಎಂದು ಆಗ ಹೇಳಿದರು. ಕೆಳಗೆ ಉಡುಪಿ ಹೋಟೆಲು. ಕಿಟಕಿ ತೆರೆದರೆ ಸಾಂಬಾರಿನ ವಾಸನೆ ಒಳಗೆ ಬರುತ್ತಿತ್ತು.

ಅವರ ಊರಿನಲ್ಲಿ ಒಂದು ಪದ್ಧತಿ ಇತ್ತಂತೆ. ಊಟಕ್ಕೆ ಬಂದ ನೆಂಟರು ಎದ್ದು ಹೋಗುವ ಮುಂಚೆ ಮೇಜುಹಾಸಿನ ಮೇಲೆ ಪೆನ್ಸಿಲ್ಲಿನಿಂದ ಸಹಿ ಹಾಕುವುದು, ಮನೆಯ ಹೆಣ್ಣುಮಕ್ಕಳು ಆಮೇಲೆ ಆ ಅಕ್ಷರದ ಮೇಲೇ ದಾರ ಓಡಿಸುವುದು. ಮಿಸ್ ಇಪ್ಪತ್ತೆರಡರ ಹುಡುಗಿ, ಒಬ್ಬಳೇ ಮುಂಬಯಿಗೆ ಹಡಗು ಹತ್ತುವ ಹಿಂದಿನ ದಿನದ ಊಟ ಅದು. ಅಜ್ಜ, ಅಪ್ಪ, ಅಮ್ಮ, ಅಕ್ಕ, ಭಾವ, ಚಿಕ್ಕಪ್ಪಂದಿರು, ಅವರ ಮಕ್ಕಳು ಎಲ್ಲರೂ ಬರೆದರು. ಅಕ್ಕನ ಆರು ವರ್ಷದ ಮಗಳು ಎಷ್ಟು ದಪ್ಪಗೆ ಬರೆದಳೆಂದರೆ ಅಂಚಿನವರೆಗೆ ಬಂದು ಜಾಗ ಮುಗಿದು, ಕೊನೆಯ ಅಕ್ಷರವನ್ನು ಕೆಳಗೆ ಇಳಿಸಿದ್ದಾಳೆ.

ಹಡಗಿನಲ್ಲೂ ಇಲ್ಲಿಗೆ ಬಂದ ಮೊದಲ ವರ್ಷದಲ್ಲೂ ಮಿಸ್ ಒಂಬತ್ತು ಸಹಿ ಹೊಲಿದರು. ಆಮೇಲೆ ಊರಿನಿಂದ ಪತ್ರ ಬರುವುದು ನಿಂತಿತು. ಯುದ್ಧ ಮುಗಿದ ಮೇಲೆ ಒಂದೇ ಒಂದು ಪತ್ರ ಬಂತು, ಚಿಕ್ಕಪ್ಪನ ಮಗನದು; ಸಹಿ ಹಾಕಿದವರಲ್ಲಿ ಬದುಕಿ ಉಳಿದವನು ಅವನೊಬ್ಬನೇ. ಉಳಿದ ಹದಿಮೂರು ಜನರಲ್ಲಿ ಯಾರನ್ನು ಮನೆಯಿಂದ ಯಾವಾಗ ಹಿಡಿದೊಯ್ದರು, ಯಾವ ರೈಲಿಗೆ ತುಂಬಿದರು, ಯಾವ ಕ್ಯಾಂಪಿನಲ್ಲಿ ಕೊಂದರು ಎಂದು ಅವನು ಒಬ್ಬೊಬ್ಬರದಾಗಿ ಬರೆದಿದ್ದ.

“ಆಮೇಲಾದರೂ ಉಳಿದ ಐದನ್ನು ಹೊಲಿಯಬಹುದಿತ್ತಲ್ಲ, ಮಿಸ್?” ಎಂದು ಕೇಳಿದ್ದೆ.

“ದಾರ ನನ್ನದು, ಮಗೂ. ಪೆನ್ಸಿಲ್ ಅವರದು,” ಎಂದರು.

ಕಣ್ಣು ಮಂಜಾಗಿ ಹಾಸಿಗೆ ಹಿಡಿದ ಮೇಲೆ ಅದನ್ನು ನನ್ನ ಕೈಗೆ ಕೊಟ್ಟರು. ಹೆಸರುಗಳನ್ನು ಒಂದೊಂದಾಗಿ ನನ್ನ ಬಾಯಲ್ಲಿ ಹೇಳಿಸಿದರು, ಉಚ್ಚಾರ ತಿದ್ದಿದರು. ಇಲ್ಲಿ ಅವನ್ನು ಬರೆಯುವುದಿಲ್ಲ. ಕೇಳಿದವರಿಗೆ ಬಾಯಿಂದ ಹೇಳುತ್ತೇನೆ.

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬಟ್ಟೆ ಸಾಂತಾಕ್ರೂಜಿನ ನಮ್ಮ ಮನೆಯ ಕಪಾಟಿನಲ್ಲಿ ಮಸ್ಲಿನ್ ಸುತ್ತಿಕೊಂಡು ಮಲಗಿತ್ತು. ಈ ಜನವರಿಯಲ್ಲಿ ಒಂದು ಬೆಳಿಗ್ಗೆ, ಕುಕ್ಕರ್ ಎರಡನೇ ಸೀಟಿ ಹೊಡೆಯುವ ಹೊತ್ತಿಗೆ, ನಮ್ಮ ಕನ್ನಡ ಮಹಿಳಾ ಮಂಡಳಿಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಬಂತು. ಯುರೋಪಿನಲ್ಲಿ ಯಹೂದಿಗಳ ಕೊಲೆ ನಡೆದೇ ಇಲ್ಲ, ಅದು ಗೆದ್ದ ದೇಶಗಳು ಕಟ್ಟಿದ ಕಥೆ ಎಂದು ಅದರಲ್ಲಿತ್ತು. ಕಳಿಸಿದವರು ಮಂಡಳಿಯ ಸಲಹೆಗಾರರು, ಇತಿಹಾಸ ಕಲಿಸಿ ನಿವೃತ್ತರಾದ ಧಾರವಾಡದ ಕಡೆಯ ಮೇಷ್ಟ್ರು. ಕೆಟ್ಟವರೆಂದು ಹೇಳಲಾರೆ. ನನ್ನ ಮಗಳ ಕಾಲೇಜಿನ ಫಾರ್ಮು ತುಂಬಿಕೊಟ್ಟವರು ಅವರೇ. ಫಾರ್ವರ್ಡಿನ ಕೆಳಗೆ ನನ್ನ ಗೆಳತಿಯರು ಸಾಲಾಗಿ ಕೈಮುಗಿದ ಚಿತ್ರ ಹಾಕಿದ್ದರು. ಯಾರೂ ಓದಿರಲಿಕ್ಕಿಲ್ಲ. ಓದದೇ ಮುಗಿದ ಆ ಕೈಗಳು ನನಗೆ ಹೆಚ್ಚು ಚುಚ್ಚಿದವು. ನಾಲ್ಕು ಸಾಲು ಟೈಪು ಮಾಡಿ ಅಳಿಸಿದೆ. ಗ್ಯಾಸ್ ಆರಿಸಿ ಕಪಾಟು ತೆಗೆದೆ.

ಮುಂದಿನ ಭಾನುವಾರ ಕಾಂದಿವಲಿಯ ಒಂದು ಶಾಲೆಯ ಹಾಲಿನಲ್ಲಿ ಮಂಡಳಿಯ ಕೈಕೆಲಸದ ಪ್ರದರ್ಶನವಿತ್ತು. ಪ್ರತಿ ವರ್ಷ ದಿಂಬಿನ ಕವರು ಇಡುತ್ತಿದ್ದವಳು ಈ ಸಲ ಮೇಜುಹಾಸು ಹರಡಿದೆ. ಪಕ್ಕದಲ್ಲಿ ಕಾರ್ಡು: “ಈ ಬಟ್ಟೆಯ ಮೇಲೆ ಸಹಿ ಹಾಕಿದ ಹದಿನಾಲ್ಕು ಜನರಲ್ಲಿ ಹದಿಮೂರು ಜನರನ್ನು, ಯಹೂದಿಗಳು ಎಂಬ ಒಂದೇ ಕಾರಣಕ್ಕೆ, ಯುರೋಪಿನಲ್ಲಿ ಕೊಂದರು. ಇದನ್ನು ಹೊಲಿದವರು ಮುಂಬಯಿಯಲ್ಲಿ ನನಗೆ ಸೂಜಿ ಹಿಡಿಯಲು ಕಲಿಸಿದರು.”

ಮೇಷ್ಟ್ರು ಒಂದೊಂದೇ ಮೇಜು ನೋಡುತ್ತ ಬಂದು ನನ್ನ ಮೇಜಿನ ಮುಂದೆ ನಿಂತರು. ಎರಡು ಸಲ ಓದಿದರು.

“ತಂಗೀ, ಕೆಲಸ ಭಾಳ ಚಂದ ಅದ. ಈ ಕಾರ್ಡೊಂದು ತಗೀರಿ.”

“ಯಾಕ್ರೀ ಸರ?”

“ಇದು ಖರೆ ಅಲ್ಲ. ಯುದ್ಧ ಇತ್ತು, ಜ್ವರ ಇತ್ತು, ಹಸಿವಿಲೇ ಮಂದಿ ಸತ್ರು. ಗ್ರೂಪಿನ್ಯಾಗ ಹಾಕಿದ್ನಲ್ಲಾ, ಓದಿಲ್ಲೇನು?”

“ಓದೀನ್ರಿ. ಓದೇ ಇದನ್ನ ತಂದೀನಿ.”

ಅಕ್ಕಪಕ್ಕದ ಮೇಜುಗಳಲ್ಲಿ ಬಳೆಗಳ ಸದ್ದು ನಿಂತಿತು. ಮಂಡಳಿಯ ಅಧ್ಯಕ್ಷೆ ಓಡಿಬಂದಳು. ಬೆಳಗಾವಿಯವಳು, ಇಪ್ಪತ್ತು ವರ್ಷದಿಂದ ನನ್ನ ಗೆಳತಿ. ಕೈಯಲ್ಲಿ ಆಗಲೇ ಸ್ಕೆಚ್ ಪೆನ್ನು, ಹೊಸ ಕಾರ್ಡು.

“ಹೋಗ್ಲಿ ಬಿಡ. ‘ಹಳೇ ವಿಲಾಯತಿ ಕಸೂತಿ’ ಅಂತ ಬರದಿಡೂಣು. ಬಹುಮಾನನೂ ನಿನಗ ಬರ್ತದ ನೋಡು.”

ಹೊಸ ಕಾರ್ಡಿಗೆ ನಾನು ಕೈ ಚಾಚಿದೆ. ಅದನ್ನು ಮುಚ್ಚಿಡುವುದಿಲ್ಲ. ಕಾನ್ವೆಂಟಿನಲ್ಲಿ ಯೆಸ್ ಸಿಸ್ಟರ್, ಮನೆಯಲ್ಲಿ ಹೂಂ ಅತ್ತೆ ಎಂದುಕೊಂಡೇ ಬೆಳೆದವಳು ನಾನು. ಬಗ್ಗಿದಾಗ ಕಣ್ಣಿಗೆ ಬಿದ್ದದ್ದು ಅಂಚಿನಿಂದ ಕೆಳಗಿಳಿದ ಆ ಒಂದು ಅಕ್ಷರ. ಕಾರ್ಡು ತೆಗೆದರೆ ಇವಳು ಬರೀ ಡಿಸೈನ್ ಆಗಿಬಿಡುತ್ತಾಳೆ ಅನ್ನಿಸಿತು. ಕೈ ಹಿಂದೆ ತೆಗೆದುಕೊಂಡೆ.

“ಸರ, ಇದೊಂದು ಹೆಸರು ಓದ್ರಿ.”

ಅವರು ಕನ್ನಡಕ ಏರಿಸಿ ಓದಿದರು.

“ಇದನ್ನ ಬರದಾಗ ಈಕಿಗೆ ಆರು ವರ್ಷ. ಈಕಿ ಯಾವ ಯುದ್ಧಕ್ಕ ಹೋಗಿದ್ಲು?”

“ರೋಗ ಇತ್ತು ಅಂದ್ನಲ್ಲಾ.”

“ಮನ್ಯಾಗ ಇದ್ದಾಗ ರೋಗ ಇರಲಿಲ್ಲರಿ. ಪೋಲೀಸರು ಕರಕೊಂಡು ಹೋಗಿ ರೈಲಿಗೆ ತುಂಬಿದ್ರು. ಕೊಂದವರೇ ಬರದಿಟ್ಟ ಹೆಸರಿನ ಯಾದಿ ಅದಾವ ಸರ. ನೀವು ಇತಿಹಾಸ ಕಲಿಸಿದವರು. ನಿಮಗ ಗೊತ್ತಿಲ್ಲಂತ ನಾ ನಂಬೂದಿಲ್ಲ.”

“ಬರೀ ಹೆಸರು ಪುರಾವೆ ಆಗೂದಿಲ್ಲ ತಂಗಿ. ಯಾರರ ಆಮ್ಯಾಲೆ ಕೂತು ಹೊಲದಿರಬಹುದು.”

ಅಲ್ಲಿಯವರೆಗೆ ನನಗೆ ಅಂಜಿಕೆಯಿತ್ತು. ಈ ಮಾತಿಗೆ ಹೋಯಿತು.

“ಹೊಲದದ್ದು ನಮ್ಮ ಮಿಸ್. ಈ ಐದನ್ನ ಯಾರೂ ಹೊಲದಿಲ್ಲ, ನೋಡ್ರಿ. ಊಟ ಮಾಡಿ ಎದ್ದವರು ತಮ್ಮ ಕೈಲೇ ಬರದಾರ. ಐದೂ ಕೈ ಬ್ಯಾರೆ ಬ್ಯಾರೆ ಅದಾವ.”

ಅವರು ಮಾತು ಹೊರಳಿಸಿದರು. “ನಮ್ಮ ಬಂಗಾಳದ ಬರಗಾಲದಾಗ ಎಷ್ಟು ಮಂದಿ ಸತ್ರು. ಅವರಿಗೆ ಯಾರು ಕಾರ್ಡ್ ಹಚ್ಚತಾರ?”

“ಹಚ್ಚೂಣ್ರಿ, ನಾನ ಬರಕೊಡ್ತೀನಿ. ಅವರು ಸತ್ತೇ ಇಲ್ಲಂತ ಯಾರರ ಅಂದ್ರ ಅವರ ಮುಂದನೂ ಹಿಂಗ ನಿಲ್ತೀನಿ. ಅದಕ್ಕ ಇದನ್ಯಾಕ ತಗೀಬೇಕು?”

ಮೇಷ್ಟ್ರು ಅಧ್ಯಕ್ಷೆಯ ಕಡೆ ತಿರುಗಿದರು. “ಮಂಡಳಿ ಟೇಬಲ್ ಮ್ಯಾಲೆ ಈ ಕಾರ್ಡ್ ಇರಬಾರದು. ಅಷ್ಟ.”

ಅವಳು ನನ್ನ ಮುಖ ನೋಡಿದಳು. ಪಾಪ, ಸ್ಕೆಚ್ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದಳು.

“ಟೇಬಲ್ ಮಂಡಳೀದು, ಖರೆ,” ಎಂದು ನಾನು ಕಾರ್ಡು ಎತ್ತಿಕೊಂಡೆ. ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನು ತೆಗೆದು ಅದನ್ನು ಎದೆಯ ಮೇಲೆ ಸೆರಗಿಗೆ ಚುಚ್ಚಿಕೊಂಡೆ. “ಸೀರಿ ನಂದು.”

ಹಿಂದೆ ಯಾರೋ ಕಿಸಕ್ಕೆಂದರು. ಮೇಷ್ಟ್ರು ವೇದಿಕೆಯ ಕಡೆ ನಡೆದರು.

ಸಂಜೆಯವರೆಗೆ ಹಾಗೇ ನಿಂತೆ. “ಏನ್ರೀ, ಇಲೆಕ್ಷನ್‌ಗೆ ನಿಂತೀರೇನು?” ಎಂದು ನಗುತ್ತ ಬಂದವರು ಬಗ್ಗಿ ಓದಿ, ನಗು ನಿಲ್ಲಿಸಿ, ಬಟ್ಟೆಯ ಕಡೆ ತಿರುಗುತ್ತಿದ್ದರು. ಕೆಲವರು ಓದದೆಯೇ ದಾಟಿಕೊಂಡು ಹೋದರು. ಫಾರ್ವರ್ಡಿಗೆ ಕೈಮುಗಿದಿದ್ದ ವಿಜಯಪುರದ ಒಬ್ಬರು ಪೆನ್ಸಿಲ್ಲಿನ ಅಕ್ಷರಗಳ ಮೇಲೆ, ಮುಟ್ಟದೆ, ಬೆರಳನ್ನು ಗಾಳಿಯಲ್ಲೇ ಓಡಿಸಿದರು. “ನಾ ನೋಡದೇ ಒತ್ತಿಬಿಟ್ಟಿದ್ದೆ ವೈನಿ,” ಎಂದರು. ಅಷ್ಟು ಹೊತ್ತು ನಿಂತು ನನ್ನ ಕಾಲು ಬಾತಿತ್ತು. ಬಹುಮಾನ ಒಂದು ಕ್ರೋಶಾ ತೋರಣಕ್ಕೆ ಹೋಯಿತು, ಚೆನ್ನಾಗಿಯೇ ಇತ್ತು ಅದು.

ಚಹಾ ಕೊಡುವ ನೆಪದಲ್ಲಿ ಅಧ್ಯಕ್ಷೆ ಹತ್ತಿರ ಬಂದಳು. “ಮುಂದಿನ ವರ್ಷ ನಿನಗ ಟೇಬಲ್ ಕೊಡಬ್ಯಾಡಂತ ಸರ್ ಹೇಳ್ಯಾರ. ನಾ ಏನ್ ಮಾಡ್ಲಿ ಹೇಳು.”

“ಏನೂ ಮಾಡಬ್ಯಾಡ. ಗೇಟಿನ ಹೊರಗ ನಿಲ್ತೀನಿ. ಬಿಸಿಲಿರ್ತದ, ಒಂದು ಕುರ್ಚಿ ಅಷ್ಟ ಕೊಡು.”

ಅವಳು ನನ್ನ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

ವಾಪಸು ಲೋಕಲ್‌ನಲ್ಲಿ ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗ ಸಿಕ್ಕಿತು. ಕಾರ್ಡು ಸೆರಗಿನಲ್ಲೇ ಇತ್ತು. ತೆಗೆಯುವ ಮನಸ್ಸಾಗಲಿಲ್ಲ. ಎದುರಿನ ಸೀಟಿನ ಹುಡುಗಿ ಬಹಳ ಹೊತ್ತು ಅದನ್ನೇ ನೋಡಿ ಒಂದು ಕಿವಿಯ ಇಯರ್‌ಫೋನ್ ತೆಗೆದಳು.

“ಆಂಟಿ, ಯೇ ಕ್ಯಾ ಲಿಖಾ ಹೈ? ತಮಿಳ್ ಹೈ ಕ್ಯಾ?”

“ಕನ್ನಡ,” ಎಂದೆ. ನನ್ನ ಮುರುಕು ಹಿಂದಿಯಲ್ಲಿ ಊಟ, ಪೆನ್ಸಿಲ್ಲು, ರೈಲು ಎಲ್ಲವನ್ನೂ ಹೇಳಿದೆ. ಮಲಾಡಿನಲ್ಲಿ ಜನ ಹತ್ತಿದರು. ಅವಳು ಮುಂದಕ್ಕೆ ಬಗ್ಗಿ ಕೇಳಿಸಿಕೊಂಡಳು.

“ಔರ್ ವೋ ಛೋಟೀವಾಲೀ ಕಾ ನಾಮ್ ಕ್ಯಾ ಥಾ?”

ಹೇಳಿದೆ. ಅವಳು ಆ ಪುಟ್ಟ ಹುಡುಗಿಯ ಹೆಸರನ್ನು ತಪ್ಪಾಗಿ ಉಚ್ಚರಿಸಿದಳು. ನಾನು ತಿದ್ದಿದೆ. ಗೋರೆಗಾಂವ್ ಬರುವಷ್ಟರಲ್ಲಿ ಸರಿಯಾಗಿ ಹೇಳಿದಳು.