ಜೀಪಿಲ್ಲದ ಕಂಟ್ರಾಕ್ಟರ್

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಬೀದಿದೀಪಗಳು ಇನ್ನೂ ಆರಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಹಿಂಭಾಗದಲ್ಲಿ ಬೋರಲಿಂಗಯ್ಯ ಬಾಯ್ಲರಿನ ಬಾಗಿಲು ತೆರೆದು ಬೂದಿ ಎಳೆಯುತ್ತಿದ್ದಾರೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ಸಾಲದೆಂಬಂತೆ ಮತ್ತೊಮ್ಮೆ ನೋಡುತ್ತಾರೆ. ಆಮೇಲಷ್ಟೇ ನೀಲಗಿರಿ ಸೌದೆ ಒಟ್ಟಿ ಬೆಂಕಿ ಕೊಡುತ್ತಾರೆ.

"ಇದು ಹಸ ಇದ್ದಂಗೆ ಕಣವ್ವ. ಕೈ ಗುರ್ತು ಸಿಕ್ರೆ ಸುಮ್ಕಿರ್ತದೆ. ಹೊಸಬ್ರು ಬಂದ್ರೆ ಒದೀತದೆ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನಗೆ.

ಕಾರ್ಖಾನೆ ಶುರುವಾದ ತೊಂಬತ್ತಾರರಿಂದ ಈ ಎರಡು ಸಾವಿರದ ಏಳರವರೆಗೆ, ಹನ್ನೊಂದು ವರ್ಷ, ಅದು ಅವರ ಕೈಯಲ್ಲಿದೆ. ದಿನಕ್ಕೆ ಒಂದೂವರೆ ಟನ್ ಸೌದೆ. ಕಾಲು ಗಂಟೆಗೊಮ್ಮೆ ಒತ್ತಡದ ಮುಳ್ಳಿನ ಮೇಲೆ ಕಣ್ಣು. ಎಂಟಕ್ಕೆ ಪಾಳಿಯವರು ಬರುವಷ್ಟರಲ್ಲಿ ಹಬೆ ಸಿದ್ಧವಿರಬೇಕು. ಅವರ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಕೂದಲು ಹುಟ್ಟುವುದು ನಿಂತು ಬಹಳ ಕಾಲವಾಗಿದೆ.

ಆದರೂ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ಗೇಟಿನಲ್ಲಿ ಅವರು ರುಜು ಹಾಕುವುದು ಹೊರಗಿನವರ ಪುಸ್ತಕದಲ್ಲಿ, ಲಾರಿ ಚಾಲಕರ ಜೊತೆ. 'ಯಾರನ್ನು ನೋಡಲು' ಎಂಬ ಕಲಂ ಇದೆ. ಅಲ್ಲಿ ಅವರು ದಿನವೂ 'ಬಾಯ್ಲರ್' ಎಂದು ಬರೆಯುತ್ತಾರೆ.

ಕಾರ್ಖಾನೆಯ ಲೆಕ್ಕದಲ್ಲಿ ಅವರು ನೌಕರರಲ್ಲ, ಗುತ್ತಿಗೆದಾರರು. ಅವರಿಗೆ ಸಿಗುವುದು ಸಂಬಳವಲ್ಲ, ಬಿಲ್ಲಿನ ಹಣ. ಅದರಲ್ಲಿ ಗುತ್ತಿಗೆದಾರನ ತೆರಿಗೆ ಮುರಿದುಕೊಂಡು ವರ್ಷಕ್ಕೊಂದು ಸರ್ಟಿಫಿಕೇಟ್ ಕೊಡುತ್ತಾರೆ. ಮೊದಲ ಸರ್ಟಿಫಿಕೇಟ್ ಬಂದಾಗ ಹೆಂಡತಿ ಕಾವೇರಮ್ಮ ಅದಕ್ಕೆ ಕುಂಕುಮ ಇಟ್ಟು ದೇವರ ಪಟದ ಮುಂದೆ ಇಟ್ಟಿದ್ದರಂತೆ. "ಸೀಲು ಇತ್ತಲ್ಲ, ಕೆಲ್ಸ ಕಾಯಂ ಆಗೋಯ್ತು ಅನ್ಕಂಡೆ," ಎಂದು ನಗುತ್ತಾರೆ.

ಈ ಸೀಮೆಯಲ್ಲಿ ಕಂಟ್ರಾಕ್ಟರ್ ಎಂದರೆ ಬಿಳಿ ಅಂಗಿ, ಜೀಪು, ರಸ್ತೆ ಕಾಮಗಾರಿ. ಟೀ ಅಂಗಡಿಯಲ್ಲಿ ಗೆಳೆಯ ಬಾಲರಾಜು ಇಂದಿಗೂ ಬಿಡುವುದಿಲ್ಲ. "ಏನ್ಲಾ ಕಂಟ್ರಾಕ್ಟ್ರೇ, ಜೀಪ್ ಎಲ್ಲಿ ನಿಲ್ಸ್‌ಬುಟ್ಟು ಬಂದೆ?"

"ಡ್ರೈವರ್ ರಜಾ ಕಣ್ಲಾ," ಎನ್ನುತ್ತಾರೆ ಬೋರಲಿಂಗಯ್ಯ. ನಕ್ಕರೂ ಟೀ ಲೋಟವನ್ನೇ ನೋಡುತ್ತಿರುತ್ತಾರೆ.

ಹೋದ ತಿಂಗಳು ತೆರಿಗೆ ಇಲಾಖೆಯ ಇಬ್ಬರು ಅಧಿಕಾರಿಗಳು ಬಂದರು. ಇಂಥವರು ನಿಜಕ್ಕೂ ಗುತ್ತಿಗೆದಾರರೋ, ಸಂಬಳದ ನೌಕರರೋ ಎಂದು ವಿಚಾರಿಸುವುದು ಅವರ ಕೆಲಸ. ಹಿಂದಿನ ದಿನವೇ ಮ್ಯಾನೇಜರ್ ಕರೆದು ಪಾಠ ಹೇಳಿದ್ದರು. ನಿಮ್ಮಿಷ್ಟದ ಹೊತ್ತಿಗೆ ಬರುತ್ತೀರಿ, ನಿಮ್ಮ ಮೇಲೆ ಯಾರೂ ಇಲ್ಲ ಎನ್ನಿ. ಹಾಗಂದರೆ ಮುಂದಿನ ವರ್ಷದ ಗುತ್ತಿಗೆಯೂ ನಿಮಗೇ. ಬೋರಲಿಂಗಯ್ಯ ಹಾಗೆಯೇ ಹೇಳಿದರು. ಅಧಿಕಾರಿ ಬರೆದುಕೊಂಡರು. ಕೊನೆಗೆ ಕೇಳಿದರು: "ನಿಮಗೆ ಬರೋಕೆ ಆಗದಿದ್ರೆ ನಿಮ್ಮ ಬದಲು ಬೇರೆಯವರನ್ನ ಕಳಿಸಬಹುದಾ?"

ಗುತ್ತಿಗೆದಾರನಾದರೆ ಕಳಿಸಬಹುದು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಈ ಪ್ರಶ್ನೆ ಮಾತ್ರ ಪಾಠದಲ್ಲಿರಲಿಲ್ಲ.

"ಕಂಡೋರ ಕೈಗೆ ಬಾಯ್ಲರ್ ಕೊಡಕ್ಕಾಯ್ತದಾ ಸಾ? ಒಳಗೆ ನೂರ್ಮೂವತ್ ಜನ ಕೆಲ್ಸ ಮಾಡ್ತಾವ್ರೆ. ನಾನೇ ಬರ್ಬೇಕು. ನಮ್ಮವ್ವ ಹೋದ್ ದಿನಾನೂವೆ ಬೆಂಕಿ ಆರ್ಸಿ, ಪ್ರೆಸರ್ ಇಳ್ಸೇ ಹೋಗಿದ್ದು."

ಅಲ್ಲೇ ಇದ್ದ ಮ್ಯಾನೇಜರ್ ಕಿಟಕಿಯ ಕಡೆ ತಿರುಗಿದರು. ಅಂದಿನಿಂದ ಬೋರಲಿಂಗಯ್ಯನವರ ಜೊತೆ ಅವರಿಗೆ ಮಾತಿಲ್ಲ.

ಇಲಾಖೆಯ ತೀರ್ಮಾನ ಇನ್ನೂ ಬಂದಿಲ್ಲ. ಮಾರ್ಚ್ ಕೊನೆಗೆ ಗುತ್ತಿಗೆ ಮುಗಿಯುತ್ತದೆ. ಅಷ್ಟರೊಳಗೆ ಅವರ ಹೆಸರು ಹಾಜರಿ ಪುಸ್ತಕಕ್ಕೆ ಏರಬಹುದು, ಇಲ್ಲವೇ ಬಾಯ್ಲರಿಗೆ ಬೇರೆ ಕೈ ಬರಬಹುದು. ಕಾವೇರಮ್ಮನಿಗೆ ಎರಡನೆಯದರದ್ದೇ ದಿಗಿಲು. "ಒಸಿ ಬಾಯಿ ಮುಚ್ಕಂಡಿದ್ರೆ ಆಯ್ತಿತ್ತು," ಎಂದು ಗೊಣಗುತ್ತಾರೆ. ಆದರೆ ಗಂಡನ ಖಾಕಿ ಅಂಗಿಯನ್ನು ಈಗ ಗಂಜಿ ಹಾಕಿ ಇಸ್ತ್ರಿ ಮಾಡಿಡುತ್ತಾರೆ.

ಹೆಸರು ಏರಿದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರೆ ಬೋರಲಿಂಗಯ್ಯ ಸೌದೆ ತಳ್ಳುವ ಸಲಾಕೆಯನ್ನು ಗೋಡೆಗೊರಗಿಸುತ್ತಾರೆ.

"ಒಂದ್ ರಜಾ ಅರ್ಜಿ ಬರೀಬೇಕು ಕಣವ್ವ. ಎಲ್ಗೂ ಹೋಗಕ್ಕಲ್ಲ. ಮ್ಯಾನೇಜರ್ರು ಅದ್ನ ಓದಿ, 'ನೀನಿಲ್ದೆ ಆಗಕಿಲ್ಲ ಬೋರಲಿಂಗಯ್ಯ, ರಜಾ ಕೊಡಕಿಲ್ಲ' ಅನ್ಬೇಕು. ಅದೊಂದ್ ಮಾತು ಕೇಳ್ಬೇಕು."