ಅಕ್ಕನ ಏಟು

ಹುಟ್ಟಿದೂರಿಗೆ ಹೋಗುವುದು ಬೇಡವೆಂದೇ ಅಕ್ಕ ಹೇಳಿದ್ದಳು. "ಅಲ್ಲೇನಿದೆ ಅಂತ ಹೋಗೋದು? ನಮ್ಮ ಚರ್ಮದ ಚೂರು ಎಲ್ಲಾದ್ರೂ ಅಂಟಿಕೊಂಡಿರಬಹುದು, ಅಷ್ಟೇ," ಎಂದು ಮಾಂಸ ಕಡಿಯುವ ಮರದ ದಿಮ್ಮಿಗೆ ಉಪ್ಪು ಹಾಕಿ ಉಜ್ಜುತ್ತ ನಕ್ಕಿದ್ದಳು. ಆದರೆ ಲಾರಿ ಓಡಿಸುವ ತಮ್ಮ ಹಟ ಹಿಡಿದರೆ ಹಿಡಿದದ್ದೇ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ತಂಗಿಯೂ ಅವನ ಪಕ್ಷ ಸೇರಿಬಿಟ್ಟಳು.

"ಒಂದು ಸಲ ನೋಡ್ಕೊಂಡು ಬಂದುಬಿಡೋಣ ಅಕ್ಕ. ನೋಡಿದ್ರೆ ಹೆದರಿಕೆ ಚಿಕ್ಕದಾಗುತ್ತಂತೆ."

"ಯಾರು ಹೇಳಿದ್ದು?"

"ನಮ್ಮ ಡಾಕ್ಟರು."

"ಅವರಪ್ಪ ಅವರಿಗೆ ಹೊಡೆದಿರಲಿಲ್ಲ ಅನ್ಸುತ್ತೆ," ಎಂದಳು ಅಕ್ಕ. ಆದರೂ ಅಂಗಡಿಗೆ ಬೀಗ ಜಡಿದು ಹೊರಟಳು. ಇಬ್ಬರನ್ನೇ ಕಳಿಸುವುದು ಅವಳಿಂದ ಎಂದೂ ಆಗಿರಲಿಲ್ಲ.

ಅವರ ಅಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದವನು. ಅಮ್ಮ ತಂಗಿಯನ್ನು ಹೆತ್ತು ಕಣ್ಣು ಮುಚ್ಚಿದ ಮೇಲೆ ಅವನಿಗೆ ಮಾತು ಕಡಿಮೆಯಾಯಿತು, ಕೈ ಜಾಸ್ತಿಯಾಯಿತು. ಮಿಲ್ಲಿನ ಯಂತ್ರದಲ್ಲಿ ಸವೆದು ಹರಿದ ಬೆಲ್ಟಿನ ತುಂಡೊಂದು ಮನೆಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಬೆಲ್ಟು, ಕಡಿಮೆಯಾದರೂ ಬೆಲ್ಟು. ಹೊಡೆಯುವ ಮೊದಲು ಅವನು ಕೂಗುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಮೆಲ್ಲಗೆ ಹೇಳುತ್ತಿದ್ದ: "ಕೈ ತೆಗಿ. ಕೈ ಅಡ್ಡ ಬಂದ್ರೆ ಮೊದಲಿಂದ ಶುರು." ಮಕ್ಕಳ ಕಿರುಚಾಟ ಕೇಳಿದರೆ ಅಕ್ಕಪಕ್ಕದವರು ರೇಡಿಯೋ ದೊಡ್ಡದು ಮಾಡುತ್ತಿದ್ದರು. ಆ ಬೀದಿಯಲ್ಲಿ ಎಲ್ಲರಿಗೂ ಹಾಡೆಂದರೆ ಅಷ್ಟು ಪ್ರೀತಿ.

ಮನೆಯ ಗೋಡೆಗೆ ಅಂಟಿಕೊಂಡೇ ಒಂದು ಕಟಿಂಗ್ ಶಾಪ್ ಇತ್ತು. ಅದರ ಯಜಮಾನ ಅಪ್ಪನ ಗೆಳೆಯ. ಮಕ್ಕಳು ಅವನನ್ನು ಮಾಮ ಎನ್ನುತ್ತಿದ್ದರು. ಒಂದು ಸಂಜೆ, ಇನ್ನೂ ಶಾಲೆಗೆ ಸೇರದ ತಂಗಿ ಹಾಲಿನ ಪಾತ್ರೆ ಉರುಳಿಸಿ, ಓಡಿಹೋಗಿ ಮಾಮನ ಅಂಗಡಿಯ ದೊಡ್ಡ ಕುರ್ಚಿಯ ಅಡಿಯಲ್ಲಿ ಬಚ್ಚಿಟ್ಟುಕೊಂಡಳು. ಮಾಮ ಅವಳ ಜುಟ್ಟು ಹಿಡಿದು ಎಳೆದು, "ತಗೋಪ್ಪ ನಿನ್ನ ಬೆಕ್ಕಿನಮರಿ," ಎಂದು ನಗುತ್ತ ಅಪ್ಪನ ಕೈಗೆ ಕೊಟ್ಟ. ಅಂದು ಅವಳ ಮೊಣಕೈ ಮುರಿಯಿತು. ಇಂದಿಗೂ ಆ ತೋಳು ಪೂರ್ತಿ ನೆಟ್ಟಗಾಗುವುದಿಲ್ಲ.

ಅಕ್ಕನಿಗೆ ಆಗ ಹದಿನಾರೂ ತುಂಬಿರಲಿಲ್ಲ. ಮರುದಿನ ಬೆಳಗ್ಗೆ ಅಪ್ಪ ಹೊಸ್ತಿಲ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತಿದ್ದ. ದಿಮ್ಮಿ ಉರುಳಿಸುವ ಕಬ್ಬಿಣದ ಹಾರೆಯನ್ನು ಅವಳು ಎರಡೂ ಕೈಯಲ್ಲಿ ಎತ್ತಿ ಅವನ ಮಂಡಿಯ ಮೇಲೆ ಬಿಟ್ಟಳು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು. ಅವನು ಬಾಯಿ ತೆರೆದ, ದನಿ ಬರಲಿಲ್ಲ. ಬೂಟಿನತ್ತ ಚಾಚಿದ್ದ ಕೈ ಅವಳ ಪಾದ ಹಿಡಿಯಲು ಬಂದಾಗ ಅದರ ಮೇಲೂ ಒಂದು ಬಿಟ್ಟಳು. ಆಮೇಲೆ ತಂಗಿಯನ್ನು ಸೊಂಟಕ್ಕೇರಿಸಿ, ತಮ್ಮನ ಕೈ ಹಿಡಿದು, ಬಸ್ಸು ಹತ್ತಿದಳು.

ಬೇರೆ ಊರಲ್ಲಿ ಅವಳಿಗೆ ಸಿಕ್ಕಿದ್ದು ಮಾಂಸದಂಗಡಿಯ ನೆಲ ತೊಳೆಯುವ ಕೆಲಸ. ಬರಬರುತ್ತ ಚರ್ಮ ಸುಲಿಯುವುದು, ಎಲುಬು ಕಡಿಯುವುದು ಕಲಿತಳು. ಮುದುಕ ಮಾಲೀಕ ಸತ್ತ ಮೇಲೆ ಅವನ ಹೆಂಡತಿ ಅಂಗಡಿಯನ್ನು ಅವಳಿಗೇ ವಹಿಸಿದಳು. ಮದುವೆ ಮಾತು ಬಂದಾಗಲೆಲ್ಲ, "ನನ್ನ ಕೈಯಲ್ಲಿ ಮಚ್ಚು ನೋಡಿದ ಮೇಲೆ ಯಾವ ಗಂಡು ನಿಲ್ತಾನೆ?" ಎಂದು ತೇಲಿಸಿಬಿಡುತ್ತಿದ್ದಳು. ತಮ್ಮ ತಂಗಿಗೆ ಅವಳೇ ಅಪ್ಪ, ಅವಳೇ ಅಮ್ಮ; ತಮ್ಮನಿಗೆ ಮದುವೆಯಾಗಿ ಮಕ್ಕಳಾದ ಮೇಲೂ ಹಾಗೇ. ಬೈಗುಳಕ್ಕೆ ಬರವಿರಲಿಲ್ಲ; ಕೈ ಮಾತ್ರ ಒಮ್ಮೆಯೂ ಎತ್ತಲಿಲ್ಲ.

ಮೂವರೂ ಬಸ್ಸಿಳಿದಾಗ ಬಿಸಿಲು ನೆತ್ತಿಗೇರಿತ್ತು. ಮಿಲ್ಲಿದ್ದ ಜಾಗದಲ್ಲಿ ಕಾರು ತೊಳೆಯುತ್ತಿದ್ದರು. ಹುಟ್ಟಿದ ಮನೆ ಸಿಮೆಂಟಿನ ಗೋದಾಮಾಗಿತ್ತು. ಒಳಗೆ ಇಣುಕಿದರೆ ಬಾಗಿಲವರೆಗೂ ಮೂಟೆಗಳು. "ಇಷ್ಟು ಚಿಕ್ಕದಿತ್ತಾ?" ಎಂದಳು ತಂಗಿ. ಅಪ್ಪ ಸತ್ತು ವರ್ಷಗಳೇ ಆಗಿದ್ದವು. ಸುದ್ದಿ ಬಂದಿತ್ತು, ಯಾರೂ ಹೋಗಿರಲಿಲ್ಲ.

"ನೋಡಿದ್ದಾಯ್ತಲ್ಲ, ನಡೀರಿ," ಎಂದು ಅಕ್ಕ ತಿರುಗಿದಳು. ಅಷ್ಟರಲ್ಲಿ ಪಕ್ಕದ ಕಟಿಂಗ್ ಶಾಪಿನಿಂದ ಮುದುಕನೊಬ್ಬ ಕೈ ಒರೆಸಿಕೊಳ್ಳುತ್ತ ಹೊರಬಂದ.

"ಅರೆ, ಮೇಸ್ತ್ರಿ ಮಕ್ಕಳಲ್ವಾ? ಇವನ ಮುಖ ನೋಡಿದ್ರೆ ಸಾಕು, ಅಪ್ಪನ ಅಚ್ಚು! ಬನ್ನಿ ಬನ್ನಿ. ಬಾರೋ, ಗಡ್ಡ ಬೋಳಿಸ್ತೀನಿ, ಕೂತ್ಕೋ."

ಅಕ್ಕ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದಳು. ತಮ್ಮ ನೋಡದವನಂತೆ ಹೋಗಿ ಕುರ್ಚಿಯಲ್ಲಿ ಕೂತ. ಮಾಮ ನೊರೆ ಹಚ್ಚಿ, ಗೋಡೆಗೆ ನೇತಾಡುತ್ತಿದ್ದ ಚರ್ಮದ ಪಟ್ಟಿಯ ಮೇಲೆ ಕತ್ತಿಯನ್ನು ಅತ್ತಿತ್ತ ಎಳೆದು ಹರಿತ ಮಾಡಿ, ಅವನ ಗಂಟಲಿಗೆ ತಂದಿಟ್ಟ. ಕೈಯ ಜೊತೆ ಬಾಯಿಯೂ ನಡೆಯಿತು.

"ನಿಮ್ಮಪ್ಪ ಕೊನೆಗಾಲದಲ್ಲಿ ಕುಂಟ್ಕೊಂಡು ಬಂದು ಇಲ್ಲೇ ಕೂತ್ಕೊಳ್ತಿದ್ದ, ಪಾಪ. ಹೆತ್ತಪ್ಪನ ಕಾಲು ಮುರಿಯೋದು ಅಂದ್ರೆ ಸುಮ್ನೆನಾ? ಹೊಡೆದ, ಯಾರಿಲ್ಲ ಅಂದ್ರು? ಹೊಡೆದಿದ್ದಕ್ಕೇ ನೀವೆಲ್ಲ ಮನುಷ್ಯರಾಗಿದ್ದು." ಆಮೇಲೆ ತಂಗಿಯ ಕಡೆ ತಿರುಗಿ ಹಲ್ಲು ಬಿಟ್ಟ. "ನೀನೇ ಅಲ್ವಾ ಈ ಕುರ್ಚಿ ಕೆಳಗೆ ಅವಿತಿದ್ದ ಬೆಕ್ಕಿನಮರಿ? ಜುಟ್ಟು ಹಿಡಿದು ಎಳೆದೆ ನೋಡು, ಹೇಗೆ ಪರಚಿದ್ದೆ ನನ್ನ!"

ತಂಗಿ ತನ್ನ ಸೊಟ್ಟ ಮೊಣಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಅದು ಕನ್ನಡಿಯಲ್ಲಿ ತಮ್ಮನ ಕಣ್ಣಿಗೆ ಬಿತ್ತು.

ಅವನು ಮುದುಕನ ಮಣಿಕಟ್ಟು ಹಿಡಿದು ತಿರುಚಿದ. ಕತ್ತಿ ತಮ್ಮನ ಕತ್ತಿನ ಪಕ್ಕವನ್ನು ಗೀರಿ ನೆಲಕ್ಕೆ ಬಿತ್ತು, ನೊರೆ ಕೆಂಪಾಯಿತು. ಎದ್ದವನೇ ಮುದುಕನ ತಲೆಯನ್ನು ಕನ್ನಡಿಗೆ ಅಪ್ಪಳಿಸಿದ. ಗಾಜು ಚೂರುಚೂರಾಗಿ ಉದುರಿತು. ಹಿಂದಿನ ಕೋಣೆಯಿಂದ ಮುದುಕನ ಮಗ ಸ್ಟೂಲು ಎತ್ತಿಕೊಂಡು ಬಂದು ತಮ್ಮನ ಬೆನ್ನಿಗೆ ಬಾರಿಸಿದ. ತಮ್ಮ ಅವನ ಹೊಟ್ಟೆಗೆ ಒದ್ದ ರಭಸಕ್ಕೆ ಅವನು ಬಾಗಿಲು ದಾಟಿ ಬೀದಿಗೆ ಬಿದ್ದ. ಮುದುಕ ಗಾಜಿನ ಮೇಲೆ ತೆವಳುತ್ತಿದ್ದ. ತಮ್ಮ ಗೋಡೆಯ ಚರ್ಮದ ಪಟ್ಟಿಯನ್ನು ಕಿತ್ತುಕೊಂಡು ಬೀಸಿದ. ಒಂದು. ಇನ್ನೊಂದು. ಮುದುಕ ಮುಖಕ್ಕೆ ಅಂಗೈ ಅಡ್ಡ ಹಿಡಿದ.

"ಕೈ ತೆಗಿ," ಎಂದ ತಮ್ಮ, ಮೆಲ್ಲಗೆ. "ಕೈ ಅಡ್ಡ ಬಂದ್ರೆ ಮೊದಲಿಂದ ಶುರು."

ದನಿ ಅದೇ, ನಿಂತ ಭಂಗಿ ಅದೇ. ಅಕ್ಕ ನಡುವೆ ನುಗ್ಗಿದಳು.

"ಸಾಕು ಕಣೋ!"

ಪಟ್ಟಿ ಅವಳ ಕೆನ್ನೆಯನ್ನು ಸೀಳಿತು. ಅವನು ನಿಲ್ಲಲಿಲ್ಲ, ಎದುರಿಗಿರುವುದು ಯಾರೆಂದು ಅವನಿಗೆ ಕಾಣುತ್ತಲೇ ಇರಲಿಲ್ಲ. ಎರಡನೆಯದು ಕಿವಿಯ ಮೇಲೆ ಬಿತ್ತು. ಮೂರನೆಯದಕ್ಕೆ ಅವನ ಕೈ ಮೇಲೇಳುತ್ತಿದ್ದಂತೆ ಅಕ್ಕ ಮುಷ್ಟಿ ಬಿಗಿದು ಅವನ ಮುಖದ ನಟ್ಟನಡುವೆ ಗುದ್ದಿದಳು. ಇಡೀ ಆಯುಷ್ಯ ಎಲುಬು ಕಡಿದ ತೋಳು ಅದು. ಮೂಗು ಮುರಿದದ್ದು ಅವಳ ಬೆರಳುಗಳಿಗೇ ಗೊತ್ತಾಯಿತು. ಅವನು ಕಡಿದ ಮರದಂತೆ ಉರುಳಿದ. ಅವಳು ಅವನ ಎದೆಯ ಮೇಲೆ ಮಂಡಿಯೂರಿ ಪಟ್ಟಿಯನ್ನು ಕಿತ್ತು ಎಸೆದಳು. ಅವನು ಕಣ್ಣು ಬಿಟ್ಟು, ಅವಳ ಕೆನ್ನೆಯಿಂದ ತೊಟ್ಟಿಕ್ಕುವ ರಕ್ತ ನೋಡಿ, "ಅಕ್ಕಾ, ಯಾರೇ ಹೊಡೆದಿದ್ದು?" ಎಂದು ಕೇಳಿದ.



ಅಷ್ಟು ಹೊತ್ತಿಗೆ ಬಾಗಿಲ ತುಂಬ ಜನ. ಯಾರೋ ಪೊಲೀಸರಿಗೆ ಫೋನ್ ಮಾಡುತ್ತಿದ್ದರು, ಯಾರೋ "ಮುದುಕನ್ನ ಹೀಗಾ ಹೊಡೆಯೋದು, ರಾಕ್ಷಸರು!" ಎನ್ನುತ್ತಿದ್ದರು. ಅವರಲ್ಲಿ ಕೆಲವು ಮುಖಗಳ ಗುರುತು ಅಕ್ಕನಿಗೆ ಹತ್ತಿತು.

"ಇವತ್ತು ಎಲ್ಲರಿಗೂ ಕಿವಿ ಕೇಳಿಸ್ತಾ ಇದೆಯಲ್ಲ!" ಎಂದಳು.

ತಂಗಿ ಮಾತ್ರ ಗಾಜಿನ ನಡುವೆ ಕುಕ್ಕರಗಾಲಲ್ಲಿ ಕೂತು, ಮುದುಕನ ತಲೆಗೆ ಟವೆಲ್ ಒತ್ತಿ ಹಿಡಿದಿದ್ದಳು. ಅವನು ನಡುಗುವ ದನಿಯಲ್ಲಿ, "ನೀನು ಒಳ್ಳೆಯವಳಮ್ಮ," ಎಂದ.

"ಇಲ್ಲ ಮಾಮ. ನಿಮ್ಮನ್ನ ನಾನು ಕ್ಷಮಿಸಿಲ್ಲ. ಅಲ್ಲಾಡಬೇಡಿ, ಗಾಜು ಒಳಗೆ ಹೋಗುತ್ತೆ."

ಮುದುಕ ಬದುಕಿಕೊಂಡ, ಆದರೆ ಒಂದು ಕಣ್ಣು ಹೋಯಿತು. ತಮ್ಮನಿಗೆ ಶಿಕ್ಷೆಯಾಯಿತು. ವಿಚಾರಣೆಯಲ್ಲಿ ಅಕ್ಕ ಅವನ ಪರ ಒಂದು ಸುಳ್ಳನ್ನೂ ಹೇಳಲಿಲ್ಲ. ಕೆನ್ನೆಯ ಗಾಯ ಯಾರದೆಂದು ಕೇಳಿದಾಗ, "ನನ್ನ ತಮ್ಮಂದು," ಎಂದಳು. ತಂಗಿ ಅದಕ್ಕೆ ಮುನಿಸಿಕೊಂಡು ಬಹಳ ದಿನ ಮಾತು ಬಿಟ್ಟಿದ್ದಳು.

ಜೈಲಿನ ಭೇಟಿಯ ಕೋಣೆಯಲ್ಲಿ ಕಂಬಿಯ ಆಚೆ ಕೂತು ಅವನು ಮೊದಲ ಬಾರಿಗೆ ಕೇಳಿದ್ದು ಒಂದೇ ಮಾತು.

"ಅವತ್ತು ನಾನು ಅಪ್ಪನ ಥರ ಕಾಣ್ತಿದ್ನಾ?"

"ಕಾಣ್ತಿದ್ದೆ," ಎಂದಳು ಅಕ್ಕ. "ಅಪ್ಪನೇ ಅನ್ಕೊಂಡೆ."

ಅವನು ತಲೆ ತಗ್ಗಿಸಿದ. "ಮನೇಲೂ ನನ್ನ ಮಕ್ಕಳು ನಾನು ಬಂದ್ರೆ ಮೂಲೆ ಸೇರ್ತಿದ್ರು ಅಕ್ಕ. ಅವರನ್ನ ಮುಟ್ಟಿಲ್ಲ, ನಿನ್ನಾಣೆ. ಆದ್ರೂ ಸೇರ್ತಿದ್ರು."

"ಮಕ್ಕಳಿಗೆ ಗೊತ್ತಾಗುತ್ತೆ ಕಣೋ. ನಮಗೆ ಗೊತ್ತಾಗ್ತಿರಲಿಲ್ವಾ?"

ಅವನು ಮೂಗು ಮುಟ್ಟಿಕೊಂಡು, "ಸೊಟ್ಟ ಆಗೋಯ್ತಲ್ಲ," ಎಂದ.

"ಆಗ್ಲಿ ಬಿಡು. ಅಪ್ಪಂದು ನೆಟ್ಟಗಿತ್ತು. ಕನ್ನಡಿ ನೋಡಿದಾಗ ನಿನಗೂ ಗೊತ್ತಾಗ್ಲಿ, ಇದು ಬೇರೆ ಮುಖ ಅಂತ."

ಅವನು ನಗಲು ಹೋಗಿ ಅತ್ತುಬಿಟ್ಟ. ಅಕ್ಕ ಕಂಬಿಯೊಳಗೆ ಬೆರಳು ತೂರಿಸಿ, ಕಾವಲಿನವನು ಸಮಯವಾಯಿತೆಂದು ಗದರುವವರೆಗೂ ಅವನ ಅಂಗಿಯ ತೋಳು ಹಿಡಿದುಕೊಂಡೇ ಕೂತಿದ್ದಳು.