ಕುಂಕುಮ ಹಚ್ಚಿದ ಪೆನ್ ಡ್ರೈವ್

ಕಬ್ಬಾಳಿನಿಂದ ಕನಕಪುರದ ಗಾರ್ಮೆಂಟ್ಸಿಗೆ ನಮ್ಮನ್ನೆಲ್ಲ ಟೆಂಪೋದಲ್ಲಿ ಕರಕೊಂಡು ಹೋಗುತ್ತಿದ್ದ ಡ್ರೈವರಣ್ಣ, ಗಾಡಿ ಹತ್ತಿದ ಕೂಡಲೇ ಜೇಬಿನಿಂದ ಪೆನ್ ಡ್ರೈವ್ ತೆಗೆದು, ಕಣ್ಣಿಗೊತ್ತಿಕೊಂಡು, ಸ್ಟೀರಿಯೋಗೆ ಸಿಕ್ಕಿಸುತ್ತಿದ್ದ. "ಹಾಡಿಲ್ದಿದ್ರೆ ನನ್ ಗಾಡಿ ಮುಂದಕ್ಕೋಗಲ್ಲ ಕಣ್ರವ್ವಾ" ಅನ್ನೋದು ಅವನ ದಿನದ ಮಾತು. ಆಮೇಲೆ ಮೊಣಕೈ ಕಿಟಕಿಯಾಚೆ ಇಟ್ಟು, ಹಾಡಿಗೆ ತಕ್ಕಂತೆ ಬಾಗಿಲು ತಟ್ಟುತ್ತಾ ಹೊರಡುತ್ತಿದ್ದ.

ಒಂದು ಆಯುಧಪೂಜೆಗೆ ಗಾಡಿಯ ಜೊತೆ ಪೆನ್ ಡ್ರೈವಿಗೂ ಅರಿಶಿನ ಕುಂಕುಮ ಹಚ್ಚಿಬಿಟ್ಟಿದ್ದ. ಅದೂ ಸ್ಟೀರಿಯೋಗೆ ಸಿಕ್ಕಿಸುವ ತುದಿಗೇ! ಹಬ್ಬ ಮುಗಿಸಿ ಡ್ಯೂಟಿಗೆ ಹೊರಟರೆ ಸ್ಟೀರಿಯೋ ಉಸಿರೆತ್ತಲಿಲ್ಲ. ಒರೆಸಿದ, ಊದಿದ, ತಿರುಗಿಸಿ ಹಾಕಿ ನೋಡಿದ. ಕೊನೆಗೆ ಇಂಜಿನ್ ಆಫ್ ಮಾಡಿ ಕೈಕಟ್ಟಿ ಕೂತ.

"ಅಣ್ಣಾ, ಲೇಟಾದ್ರೆ ಗೇಟ್ ಹಾಕ್ಬುಡ್ತಾರೆ" ಅಂದೆ.

"ಹಾಡೇ ಇಲ್ವಲ್ಲವ್ವಾ" ಅಂದ, ಅಳುವ ಮಗುವಿನ ಹಾಗೆ.

ಹಿಂದಿನ ಸೀಟಿನ ಅಕ್ಕ ರೇಗಿಕೊಂಡೇ ಒಂದು ಸೋಬಾನೆ ಪದ ಎತ್ತಿದಳು. ನಾವೆಲ್ಲ ದನಿಗೂಡಿಸಿದೆವು. ಗಾಡಿ ಹೊರಟಿತು. ಫ್ಯಾಕ್ಟರಿ ಮುಟ್ಟುವ ತನಕ ನಾವು ಬಾಯಿ ಮುಚ್ಚಲಿಲ್ಲ, ಅವನು ಬಾಗಿಲು ತಟ್ಟುವುದನ್ನು ಬಿಡಲಿಲ್ಲ.

ಗೇಟಿನ ಹತ್ತಿರ ಇನ್ನೊಂದು ಟೆಂಪೋದ ಡ್ರೈವರ್ ಕೂಗಿ ಕೇಳಿದ: "ಏನ್ಲಾ, ಹೊಸ ಸೆಟ್ ಹಾಕ್ಸ್‌ಬುಟ್ಯಾ? ಮೇನ್ ರೋಡ್‌ಗಂಟ ಕೇಳ್ತಾ ಐತೆ!"

ನಮ್ಮಣ್ಣ ಕಾಲರ್ ಎತ್ತಿಕೊಂಡ.

"ಸೆಟ್ಟಲ್ಲ ಕಣ್ಲಾ. ನಮ್ಮೂರ ಹೆಣ್ಮಕ್ಳು."